ಸನ್‌ಸ್ಕ್ರೀನ್ ಹೋಲಿಸಿ ಕೊಳ್ಳುವುದು ಹೇಗೆ? ಬೆಲೆ, ಒಳಗಿನ ಅಂಶ, ರಕ್ಷಣೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಸನ್‌ಸ್ಕ್ರೀನ್ ಕೊಳ್ಳಲು ಹೋದಾಗ ಕಣ್ಣು ಮೊದಲು ಎರಡು ಅಂಕಿಗಳ ಮೇಲೆ ಬೀಳುತ್ತದೆ: ಎಸ್‌ಪಿಎಫ್ (ಬಿಸಿಲಿನ ಸುಡುವಿಕೆಯಿಂದ ಸಿಗುವ ರಕ್ಷಣೆಯ ಅಂಕಿ) ಎಷ್ಟು, ಬೆಲೆ ಎಷ್ಟು. ಎರಡೂ ಬೇಕಾದವೇ. ಆದರೆ ಇವೆರಡನ್ನು ಜೋಡಿಸುವ ಇನ್ನೊಂದು ಲೆಕ್ಕ ಇದೆ. ಒಂದು ಸಲಕ್ಕೆ ಎಷ್ಟು ಹಚ್ಚಬೇಕು, ಅಷ್ಟು ಹಚ್ಚಿದರೆ ಈ ಟ್ಯೂಬು ಎಷ್ಟು ದಿನ ಬರುತ್ತದೆ? ಅದನ್ನು ಯಾರೂ ಡಬ್ಬಿಯ ಮುಂಭಾಗದಲ್ಲಿ ಅಚ್ಚು ಹಾಕುವುದಿಲ್ಲ. ಕೆಳಗಿನ ಬಹಳಷ್ಟು ಉತ್ತರಗಳು ಸುತ್ತಿ ಬಳಸಿ ಈ ಲೆಕ್ಕಕ್ಕೇ ಬರುತ್ತವೆ.

ಬೆಲೆ ಜಾಸ್ತಿ ಇದ್ದರೆ ರಕ್ಷಣೆಯೂ ಜಾಸ್ತಿ ಇರುತ್ತದಾ?

ಇಲ್ಲ. ನೀವು ಜಾಸ್ತಿ ಕೊಡುವ ದುಡ್ಡು ಹೆಚ್ಚಾಗಿ ಬೇರೆ ಕಡೆಗೆ ಹೋಗುತ್ತದೆ: ಹೆಸರು, ಜಾಹೀರಾತು, ಚಂದದ ಪಂಪ್ ಬಾಟಲಿ, ಪರಿಮಳ, ಜೊತೆಗೆ ಒಂದಿಷ್ಟು ವಿಟಮಿನ್ ಸಿ ಅಥವಾ ಹಯಲುರಾನಿಕ್ ಆಸಿಡ್. ಕೆಲವು ಸಲ ಮಾತ್ರ ಆ ದುಡ್ಡಿಗೆ ನಿಜವಾದ ಬೆಲೆ ಸಿಗುತ್ತದೆ. ಹೊಸ ಕಾಲದ ಫಿಲ್ಟರ್‌ಗಳು (ಕಿರಣ ತಡೆಯುವ ಅಂಶಗಳು), ಜಿಡ್ಡಿಲ್ಲದೆ ಚರ್ಮದಲ್ಲಿ ಕೂರುವ ಗುಣ, ಬಿಳಿ ಪದರ ಕಾಣದಂತೆ ಮಾಡಿದ ಕೆಲಸ ಇವೆಲ್ಲ ತಯಾರಕರಿಗೆ ಖರ್ಚಿನ ಬಾಬತ್ತೇ.

ಆಸ್ಟ್ರೇಲಿಯಾದ ಗ್ರಾಹಕ ಸಂಸ್ಥೆ ಚಾಯ್ಸ್ 2025ರಲ್ಲಿ ಎಸ್‌ಪಿಎಫ್ 50 ಅಥವಾ 50+ ಎಂದು ಬರೆದಿದ್ದ 20 ಸನ್‌ಸ್ಕ್ರೀನ್‌ಗಳನ್ನು ಪರೀಕ್ಷೆ ಮಾಡಿಸಿತು. ಅದರಲ್ಲಿ 16 ತಮ್ಮ ಲೇಬಲ್‌ನ ಅಂಕಿಯನ್ನು ಮುಟ್ಟಲಿಲ್ಲ. ಎಲ್ಲಕ್ಕಿಂತ ಕೆಳಗೆ ಬಿದ್ದದ್ದು ದುಬಾರಿ ಬೆಲೆಯ ಒಂದು ಸನ್‌ಸ್ಕ್ರೀನ್. ಅದರ ಎಸ್‌ಪಿಎಫ್ ಬಂದದ್ದು 4. ಹಾಗಂತ ಅಗ್ಗದ್ದೆಲ್ಲ ಒಳ್ಳೆಯದು ಅಂತಲೂ ಆಗುವುದಿಲ್ಲ. ಬೆಲೆ ನೋಡಿ ರಕ್ಷಣೆಯನ್ನು ಊಹಿಸಲು ಬರುವುದಿಲ್ಲ, ಅಷ್ಟೇ.

ಹಾಗಾದರೆ ಎರಡು ಟ್ಯೂಬುಗಳ ಬೆಲೆಯನ್ನು ಸರಿಯಾಗಿ ಹೋಲಿಸುವುದು ಹೇಗೆ?

ಮೊದಲು ಬೆಲೆಯನ್ನು ಒಳಗಿರುವ ಮಿಲಿಲೀಟರ್‌ಗಳಿಂದ ಭಾಗಿಸಿ. ಸಣ್ಣ ಟ್ಯೂಬು ಇಲ್ಲೇ ನಮ್ಮನ್ನು ದಾರಿ ತಪ್ಪಿಸುತ್ತದೆ. 30 ಮಿ.ಲೀ. ಟ್ಯೂಬು 50 ಮಿ.ಲೀ. ಟ್ಯೂಬಿನ ಮುಕ್ಕಾಲು ಬೆಲೆಗೆ ಸಿಕ್ಕರೆ ಅಗ್ಗ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ, ಪ್ರತಿ ಮಿಲಿಲೀಟರ್‌ಗೆ ಕಾಲುಭಾಗ ಜಾಸ್ತಿ ಕೊಡುತ್ತಿರುತ್ತೀರಿ.

ಎರಡನೆಯದು, ಒಂದು ಸಲ ಹಚ್ಚುವ ಖರ್ಚು. ಪ್ರಯೋಗಾಲಯದಲ್ಲಿ ಎಸ್‌ಪಿಎಫ್ ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಮುಖ, ಕಿವಿ, ಕುತ್ತಿಗೆಗೆ ಆ ಪ್ರಮಾಣ ಬೇಕೆಂದರೆ ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ದಪ್ಪ ಗೆರೆ ಎಳೆಯಬೇಕು. ಅದು ಸುಮಾರು 1.2 ಮಿ.ಲೀ. ಆಗುತ್ತದೆ. ಈ ಲೆಕ್ಕದಲ್ಲಿ 50 ಮಿ.ಲೀ. ಟ್ಯೂಬು 40 ಸಲಕ್ಕೆ ಬರುತ್ತದೆ. ದಿನಕ್ಕೆ ಎರಡು ಸಲ ಹಚ್ಚಿದರೆ 20 ದಿನ. ದೊಡ್ಡವರ ಇಡೀ ಮೈಗೆ ಹಚ್ಚುವುದಾದರೆ ಒಂದೇ ಸಲಕ್ಕೆ ಸುಮಾರು 30 ಮಿ.ಲೀ. ಬೇಕು. ಅಂದರೆ ಅದೇ ಟ್ಯೂಬು ಎರಡು ಸಲಕ್ಕೂ ಸಾಲದು.

ಈಗ ನಿಮ್ಮ ಟ್ಯೂಬು ಎಷ್ಟು ದಿನ ಬಂತು ಅಂತ ನೆನಪು ಮಾಡಿಕೊಳ್ಳಿ. ದಿನವೂ ಹಚ್ಚುತ್ತಿದ್ದರೂ 50 ಮಿ.ಲೀ. ನಾಲ್ಕು ತಿಂಗಳು ಬಂದಿದ್ದರೆ, ನಿಮ್ಮ ಮುಖಕ್ಕೆ ಸಿಕ್ಕ ರಕ್ಷಣೆ ಲೇಬಲ್‌ ಮೇಲಿನ ಅಂಕಿಗಿಂತ ತುಂಬಾ ಕೆಳಗಿದೆ ಅಂತ ಅರ್ಥ. ಬಳಸುವವರನ್ನು ಗಮನಿಸಿದ ಅಧ್ಯಯನಗಳಲ್ಲಿ ಜನ ಸಾಮಾನ್ಯವಾಗಿ ಹಚ್ಚುವುದು ಬೇಕಾದದ್ದರ ಕಾಲುಭಾಗದಿಂದ ಅರ್ಧದಷ್ಟು ಮಾತ್ರ ಎಂದು ಕಂಡುಬಂದಿದೆ. ಅರ್ಧ ಹಚ್ಚಿದರೆ ಎಸ್‌ಪಿಎಫ್ 50 ಅರ್ಧಕ್ಕೆ, ಎಷ್ಟೋ ಸಲ ಅದಕ್ಕೂ ಕೆಳಗೆ ಇಳಿಯುತ್ತದೆ.

ದುಬಾರಿ ಸನ್‌ಸ್ಕ್ರೀನ್‌ನ ದೊಡ್ಡ ತೊಂದರೆ ಇದೇ ಅಂತ ನನ್ನ ಅಭಿಪ್ರಾಯ. ಬೆಲೆ ನೆನಪಾಗಿ ಕೈ ಹಿಡಿತ ಮಾಡುತ್ತದೆ. ಕಡಲೆ ಕಾಳಿನಷ್ಟು ತೆಗೆದು ಮುಖಕ್ಕೆಲ್ಲ ಸವರುತ್ತೇವೆ. ಕೈ ಬಿಗಿ ಮಾಡದೆ ಎರಡು ಬೆರಳು ತುಂಬ ಹಾಕಿಕೊಳ್ಳಬಲ್ಲ ಬೆಲೆಯದ್ದು ಯಾವುದೋ ಅದೇ ನಿಮಗೆ ಒಳ್ಳೆಯ ಸನ್‌ಸ್ಕ್ರೀನ್.

ಮುಖಕ್ಕೆ ಬೇರೆ, ಮೈಗೆ ಬೇರೆ ಬೇಕಾ?

ಬೇಕೇ ಬೇಕು ಅಂತಿಲ್ಲ. ಫಿಲ್ಟರ್‌ಗಳು ಬಹುಮಟ್ಟಿಗೆ ಒಂದೇ. ಆದರೂ ದುಡ್ಡಿನ ದೃಷ್ಟಿಯಿಂದ ಎರಡು ಇಟ್ಟುಕೊಳ್ಳುವುದು ಜಾಣತನ. ಮುಖಕ್ಕೆ ಹಚ್ಚಿದರೆ ಹಿತ ಅನ್ನಿಸುವಂಥದ್ದು, ಸ್ವಲ್ಪ ದುಬಾರಿಯಾದರೂ ಪರವಾಗಿಲ್ಲ. ಕೈಕಾಲಿಗೆ ದೊಡ್ಡ ಬಾಟಲಿಯ ಅಗ್ಗದ ಲೋಷನ್. ಕೈಗೆ ಸ್ವಲ್ಪ ಜಿಡ್ಡಾದರೆ ಯಾರಿಗೂ ಅಷ್ಟು ಬೇಸರವಾಗುವುದಿಲ್ಲ.

ಎಸ್‌ಪಿಎಫ್ 30, 50, 100: ಎಷ್ಟು ವ್ಯತ್ಯಾಸ?

ಚರ್ಮ ಕೆಂಪಾಗಿ ಸುಡುವಂತೆ ಮಾಡುವ ಅತಿನೇರಳೆ (ಯುವಿ) ಕಿರಣಗಳನ್ನು, ಮುಖ್ಯವಾಗಿ ಯುವಿಬಿಯನ್ನು, ಎಷ್ಟು ತಡೆಯುತ್ತದೆ ಎಂಬುದನ್ನು ಎಸ್‌ಪಿಎಫ್ ಹೇಳುತ್ತದೆ. ಸರಿಯಾದ ಪ್ರಮಾಣದಲ್ಲಿ ಹಚ್ಚಿದಾಗ ಎಸ್‌ಪಿಎಫ್ 15 ಸುಮಾರು 93%, 30 ಸುಮಾರು 97%, 50 ಸುಮಾರು 98%, 100 ಸುಮಾರು 99% ತಡೆಯುತ್ತದೆ.

ಇದನ್ನು ನೋಡಿ "30ಕ್ಕೂ 50ಕ್ಕೂ ಬರೀ 1% ವ್ಯತ್ಯಾಸ, ಸುಮ್ನೆ ದುಡ್ಡು ದಂಡ" ಅನ್ನುವವರಿದ್ದಾರೆ. ಒಳಗೆ ನುಗ್ಗುವುದು ಎಷ್ಟು ಅಂತ ತಿರುಗಿಸಿ ನೋಡಿ. 30ರಲ್ಲಿ 3.3% ಒಳಗೆ ಹೋಗುತ್ತದೆ, 50ರಲ್ಲಿ 2%. ಚರ್ಮಕ್ಕೆ ಲೆಕ್ಕ ಆಗುವುದು ಒಳಗೆ ಹೋದದ್ದೇ. ಜೊತೆಗೆ ನಾವೆಲ್ಲ ಕಡಿಮೆ ಹಚ್ಚುವವರೇ ಆದ್ದರಿಂದ 50 ಇದ್ದರೆ ಸ್ವಲ್ಪ ಆಸರೆ ಇರುತ್ತದೆ. ಬೆಲೆ ಒಂದೇ ಇದ್ದರೆ 50 ತೆಗೆದುಕೊಳ್ಳಿ. 50ರ ಬೆಲೆ ಎರಡು ಪಟ್ಟಾಗಿದ್ದರೆ 30 ತೆಗೆದುಕೊಂಡು ಧಾರಾಳವಾಗಿ ಹಚ್ಚಿ.

100ರ ಹಿಂದೆ ಓಡಬೇಕಾಗಿಲ್ಲ. ಯುರೋಪ್, ಜಪಾನ್, ಆಸ್ಟ್ರೇಲಿಯಾಗಳಲ್ಲಿ 50+ಗಿಂತ ಮೇಲೆ ಬರೆಯಲು ಬಿಡುವುದೇ ಇಲ್ಲ. ದೊಡ್ಡ ಅಂಕಿ ನೋಡಿ ಜನ ಬಿಸಿಲಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತಾರೆ ಎಂಬ ಆತಂಕ ಅದಕ್ಕೊಂದು ಕಾರಣ.

ಹತ್ತು ನಿಮಿಷಕ್ಕೆ ಸುಡುವ ಚರ್ಮಕ್ಕೆ ಎಸ್‌ಪಿಎಫ್ 30 ಹಚ್ಚಿದರೆ 300 ನಿಮಿಷ ನಿಶ್ಚಿಂತೆ, ಹೌದಾ?

ಅಲ್ಲ. ಈ ಗುಣಾಕಾರ ಕಾಗದದ ಮೇಲೆ ಮಾತ್ರ ಸರಿ. ಬೆವರು, ಉಜ್ಜುವ ಬಟ್ಟೆ, ಮುಖ ಒರೆಸುವ ಕೈ ಎಲ್ಲ ಸೇರಿ ಪದರವನ್ನು ಹರಿದುಹಾಕುತ್ತವೆ. ಬೆಳಗಿನ ಎಂಟು ಗಂಟೆಯ ಬಿಸಿಲೂ ನಡು ಮಧ್ಯಾಹ್ನದ ಬಿಸಿಲೂ ಒಂದೇ ಅಲ್ಲ. ಎಸ್‌ಪಿಎಫ್ ಎಷ್ಟೇ ಇರಲಿ, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಯುವಿಎ ರಕ್ಷಣೆ ಇದೆಯೋ ಇಲ್ಲವೋ ಅಂತ ಲೇಬಲ್‌ನಲ್ಲಿ ಹೇಗೆ ತಿಳಿಯುತ್ತದೆ?

ಯುವಿಬಿ ಚರ್ಮವನ್ನು ಸುಡುತ್ತದೆ. ಯುವಿಎ ಇನ್ನೂ ಆಳಕ್ಕೆ ಇಳಿಯುತ್ತದೆ. ಕಪ್ಪಾಗುವುದು, ಬಂಗು ಹೆಚ್ಚುವುದು, ಬೇಗ ಸುಕ್ಕು ಬೀಳುವುದು ಇವುಗಳಲ್ಲಿ ಅದರ ಪಾಲು ದೊಡ್ಡದು. ಎರಡೂ ಚರ್ಮದ ಕ್ಯಾನ್ಸರ್‌ಗೆ ದಾರಿ ಮಾಡುತ್ತವೆ. ಯುವಿಎ ಕಿಟಕಿಯ ಗಾಜನ್ನೂ ದಾಟಿ ಬರುತ್ತದೆ. ಸುಟ್ಟ ಉರಿ ಇಲ್ಲದ್ದರಿಂದ ಅದು ಬಿದ್ದದ್ದೇ ಗೊತ್ತಾಗುವುದಿಲ್ಲ. ಹಾಗಾಗಿ ಎಸ್‌ಪಿಎಫ್ ಒಂದನ್ನೇ ನೋಡಿ ಕೊಂಡರೆ ಅರ್ಧ ವಿಷಯ ಮಾತ್ರ ನೋಡಿದಂತೆ.

ಗುರುತುಗಳು ಒಂದೊಂದು ಕಡೆ ಒಂದೊಂದು ಥರ. ಜಪಾನಿನಲ್ಲಿ ಹುಟ್ಟಿ ಏಷ್ಯಾದಲ್ಲೆಲ್ಲ ಹಬ್ಬಿದ್ದು ಪಿಎ ಪದ್ಧತಿ. ಅದರಲ್ಲಿ ಯುವಿಎ ರಕ್ಷಣೆಯ ಅಂಕಿ 2ರಿಂದ 4ರೊಳಗಿದ್ದರೆ ಒಂದು ಪ್ಲಸ್, 4ರಿಂದ 8ಕ್ಕೆ ಎರಡು, 8ರಿಂದ 16ಕ್ಕೆ ಮೂರು, 16 ಮತ್ತು ಮೇಲೆ ನಾಲ್ಕು ಪ್ಲಸ್. ಯುರೋಪಿನ ಸನ್‌ಸ್ಕ್ರೀನ್‌ಗಳಲ್ಲಿ ಒಂದು ವೃತ್ತದೊಳಗೆ ಯುವಿಎ ಎಂದು ಬರೆದಿರುತ್ತದೆ. ಯುವಿಎ ರಕ್ಷಣೆ ಎಸ್‌ಪಿಎಫ್‌ನ ಮೂರನೇ ಒಂದು ಭಾಗವಾದರೂ ಇದೆ ಎಂಬುದಕ್ಕೆ ಅದು ಗುರುತು. ಅಮೆರಿಕದಲ್ಲಿ ಬ್ರಾಡ್ ಸ್ಪೆಕ್ಟ್ರಮ್ ಎಂಬ ಪದ ಇರುತ್ತದೆ. ರಕ್ಷಣೆ 370 ನ್ಯಾನೊಮೀಟರ್ ಅಲೆಯುದ್ದದ ಯುವಿಎವರೆಗೆ ಚಾಚಿರಬೇಕು ಅನ್ನುವುದು ಅಲ್ಲಿನ ನಿಯಮ; ಆದರೆ ಎಷ್ಟು ಗಟ್ಟಿಯಾಗಿ ತಡೆಯುತ್ತದೆ ಎಂಬುದನ್ನು ಆ ಪದ ಹೇಳುವುದಿಲ್ಲ.

ಎಸ್‌ಪಿಎಫ್ 50 ಮತ್ತು ಎರಡು ಪ್ಲಸ್ ಇರುವುದಕ್ಕಿಂತ ಎಸ್‌ಪಿಎಫ್ 30 ಮತ್ತು ನಾಲ್ಕು ಪ್ಲಸ್ ಇರುವುದನ್ನೇ ನಾನು ದಿನಬಳಕೆಗೆ ಆರಿಸುತ್ತೇನೆ. ಬಂಗು, ಕಲೆಯ ತೊಂದರೆ ಇರುವವರಂತೂ ಪ್ಲಸ್ ಎಣಿಸಲು ಮರೆಯಬಾರದು.

ಒಳಗಿನ ಅಂಶಗಳ ಪಟ್ಟಿಯಲ್ಲಿ ಯಾವ ಹೆಸರು ಹುಡುಕಬೇಕು?

ಪಟ್ಟಿ ಉದ್ದ ಇರುತ್ತದೆ, ಅಕ್ಷರ ಸಣ್ಣದಾಗಿರುತ್ತದೆ. ಆದರೆ ನಮಗೆ ಬೇಕಾದ ಹೆಸರುಗಳು ಕೆಲವೇ.

ಜಿಂಕ್ ಆಕ್ಸೈಡ್ ಯುವಿಬಿ, ಯುವಿಎ ಎರಡನ್ನೂ ತಡೆಯುತ್ತದೆ. ಟೈಟಾನಿಯಂ ಡೈಆಕ್ಸೈಡ್ ಯುವಿಬಿಗೆ ಚೆನ್ನ, ಉದ್ದ ಅಲೆಯ ಯುವಿಎಗೆ ಅಷ್ಟಾಗಿ ಸಾಲದು. ಟೈಟಾನಿಯಂ ಒಂದೇ ಇದ್ದು ಬೇರೆ ಯುವಿಎ ಫಿಲ್ಟರ್ ಇಲ್ಲದಿದ್ದರೆ ನಾನು ಆ ಡಬ್ಬಿಯನ್ನು ವಾಪಸ್ ಇಡುತ್ತೇನೆ.

ಅವೊಬೆಂಜೋನ್ ಹಳೆಯ, ಅಗ್ಗದ, ಬಲವಾದ ಯುವಿಎ ಫಿಲ್ಟರ್. ಪಟ್ಟಿಯಲ್ಲಿ ಬ್ಯುಟೈಲ್ ಮೆಥಾಕ್ಸಿಡೈಬೆಂಜಾಯ್ಲ್‌ಮೀಥೇನ್ ಎಂಬ ಹೆಸರಿನಲ್ಲೂ ಬರುತ್ತದೆ. ಅದರ ದೋಷ ಏನೆಂದರೆ ಬಿಸಿಲಿಗೇ ಒಡೆದುಹೋಗುತ್ತದೆ. ಆಕ್ಟೋಕ್ರೈಲೀನ್‌ನಂಥದ್ದು ಜೊತೆಗಿದ್ದರೆ ತಾಳಿಕೊಳ್ಳುತ್ತದೆ. ಆಕ್ಟಿನಾಕ್ಸೇಟ್ ಜೊತೆಗಿದ್ದರೆ ಇನ್ನೂ ಬೇಗ ಕೆಡುತ್ತದೆ. ಆಕ್ಟಿನಾಕ್ಸೇಟ್‌ನ ಪಟ್ಟಿಯ ಹೆಸರು ಈಥೈಲ್‌ಹೆಕ್ಸೈಲ್ ಮೆಥಾಕ್ಸಿಸಿನಮೇಟ್. ಅಗ್ಗದ ಸನ್‌ಸ್ಕ್ರೀನ್‌ಗಳಲ್ಲಿ ಅವೊಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಜೋಡಿ ಕಂಡರೆ, ಅವನ್ನು ಗಟ್ಟಿ ಹಿಡಿಯುವ ಮೂರನೆಯದು ಇದೆಯೇ ಅಂತ ನೋಡಿ.

ಹೊಸ ಪೀಳಿಗೆಯಲ್ಲಿ ಟಿನೋಸಾರ್ಬ್ ಎಸ್ ಹೆಸರು ಮಾಡಿದೆ. ಪಟ್ಟಿಯಲ್ಲಿ ಅದು ಬಿಸ್‌ಈಥೈಲ್‌ಹೆಕ್ಸೈಲಾಕ್ಸಿಫೀನಾಲ್ ಎಂದು ಶುರುವಾಗಿ ಟ್ರಯಾಜಿನ್ ಎಂದು ಮುಗಿಯುತ್ತದೆ. ಎರಡೂ ಬಗೆಯ ಕಿರಣ ತಡೆಯುತ್ತದೆ, ಬಿಸಿಲಿಗೆ ಒಡೆಯುವುದಿಲ್ಲ, ಅವೊಬೆಂಜೋನನ್ನೂ ಕಾಪಾಡುತ್ತದೆ. ಯುವಿನಲ್ ಎ ಪ್ಲಸ್ ಬಿಸಿಲಿಗೆ ಒಡೆಯದ ಯುವಿಎ ಫಿಲ್ಟರ್. ಪಟ್ಟಿಯಲ್ಲಿ ಡೈಈಥೈಲಮಿನೊ ಎಂದು ಶುರುವಾಗುವುದು ಅದೇ. ಈಥೈಲ್‌ಹೆಕ್ಸೈಲ್ ಟ್ರಯಾಜೋನ್ ಬಲವಾದ ಯುವಿಬಿ ಫಿಲ್ಟರ್. ಮಧ್ಯಮ ಬೆಲೆಯ ಟ್ಯೂಬಿನಲ್ಲಿ ಈ ಮೂರೂ ಒಟ್ಟಿಗೆ ಕಂಡರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಒಂದು ಎಚ್ಚರಿಕೆ. ಪಟ್ಟಿ ನೋಡಿ ಎಸ್‌ಪಿಎಫ್ ಲೆಕ್ಕ ಹಾಕಲು ಹೋಗಬೇಡಿ. ಅದೇ ಫಿಲ್ಟರ್‌ಗಳನ್ನು ಅಷ್ಟೇ ಪ್ರಮಾಣದಲ್ಲಿ ಹಾಕಿದರೂ ಅವು ಎಷ್ಟು ಸಮವಾಗಿ ಹರಡುತ್ತವೆ ಎಂಬುದರ ಮೇಲೆ ಫಲ ಬೇರೆಯಾಗುತ್ತದೆ.

ಮಿನರಲ್ ಒಳ್ಳೆಯದೋ ಕೆಮಿಕಲ್ ಒಳ್ಳೆಯದೋ?

ಜಿಂಕ್ ಮತ್ತು ಟೈಟಾನಿಯಂ ಇರುವವನ್ನು ಮಿನರಲ್ ಅನ್ನುತ್ತಾರೆ, ಉಳಿದವನ್ನು ಕೆಮಿಕಲ್ ಅನ್ನುತ್ತಾರೆ. ಮಿನರಲ್ ಕನ್ನಡಿಯ ಹಾಗೆ ಕಿರಣವನ್ನು ವಾಪಸ್ ಕಳಿಸುತ್ತದೆ, ಕೆಮಿಕಲ್ ಹೀರಿಕೊಳ್ಳುತ್ತದೆ ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದು ಸರಿಯಲ್ಲ. ಜಿಂಕ್, ಟೈಟಾನಿಯಂ ಕೂಡ ಯುವಿಯನ್ನು ಮುಖ್ಯವಾಗಿ ಹೀರಿಕೊಂಡೇ ತಡೆಯುತ್ತವೆ. ವಾಪಸ್ ಚೆದುರಿಸುವುದು ಸಣ್ಣ ಪಾಲು.

ಆಯ್ಕೆ ಮಾಡಬೇಕಾದದ್ದು ಚರ್ಮ ನೋಡಿ. ಬೇಗ ಉರಿಯುವ, ಅಲರ್ಜಿ ಬರುವ ಚರ್ಮಕ್ಕೆ ಮಿನರಲ್ ಹಿತ. ಕಣ್ಣಿನ ಸುತ್ತಲೂ ಅದೇ ಉತ್ತಮ. ಕಂದು ಚರ್ಮಕ್ಕೆ ಅದು ಬೂದಿ ಬಳಿದ ಹಾಗೆ ಕಾಣಿಸಬಹುದು, ಆಗ ಜನ ಕಡಿಮೆ ಹಚ್ಚುತ್ತಾರೆ, ಅಲ್ಲಿಗೆ ರಕ್ಷಣೆಯೂ ಹೋಯಿತು. ಕೆಮಿಕಲ್ ಫಿಲ್ಟರ್‌ಗಳು ತೆಳ್ಳಗೆ, ಪಾರದರ್ಶಕವಾಗಿ ಕೂರುತ್ತವೆ. ಬೆವರಿದಾಗ ಕಣ್ಣಿಗೆ ಇಳಿದರೆ ಉರಿಯುತ್ತವೆ.

"100% ಮಿನರಲ್" ಎಂದು ಬರೆದ ಕೆಲವು ಡಬ್ಬಿಗಳಲ್ಲಿ ಬ್ಯುಟೈಲಾಕ್ಟೈಲ್ ಸ್ಯಾಲಿಸಿಲೇಟ್ ಎಂಬ ಹೆಸರು ಸಿಗುತ್ತದೆ. ಅದು ಆಕ್ಟಿಸಲೇಟ್ ಎಂಬ ಕೆಮಿಕಲ್ ಫಿಲ್ಟರ್‌ನ ಹತ್ತಿರದ ನೆಂಟ. ಯುವಿಯನ್ನು ಅದೂ ಹೀರುತ್ತದೆ, ಆದರೆ ಲೇಬಲ್‌ನಲ್ಲಿ ಫಿಲ್ಟರ್ ಅಂತ ಎಣಿಸುವುದಿಲ್ಲ. ಅಪಾಯ ಏನಿಲ್ಲ. ಶುದ್ಧ ಮಿನರಲ್ ಅಂತ ನಂಬಿ ದುಪ್ಪಟ್ಟು ಕೊಡುವ ಮೊದಲು ಗೊತ್ತಿರಲಿ.

ಸನ್‌ಸ್ಕ್ರೀನ್ ರಕ್ತಕ್ಕೆ ಸೇರುತ್ತದಂತೆ, ಹೌದಾ?

ಹೌದು, ಕೆಲವು ಸೇರುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ವಿಜ್ಞಾನಿಗಳು 2019 ಮತ್ತು 2020ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳಲ್ಲಿ ಅವೊಬೆಂಜೋನ್, ಆಕ್ಸಿಬೆಂಜೋನ್, ಆಕ್ಟೋಕ್ರೈಲೀನ್ ಮುಂತಾದ ಕೆಮಿಕಲ್ ಫಿಲ್ಟರ್‌ಗಳು ರಕ್ತದಲ್ಲಿ 0.5 ನ್ಯಾನೊಗ್ರಾಂ ಪ್ರತಿ ಮಿಲಿಲೀಟರ್ ಎಂಬ ಗಡಿಯನ್ನು ದಾಟಿದವು. ಆ ಗಡಿ ದಾಟಿದರೆ ವಿಷ ಅಂತಲ್ಲ. ದಾಟಿದ ಅಂಶಗಳ ಮೇಲೆ ಇನ್ನಷ್ಟು ಸುರಕ್ಷತಾ ಪರೀಕ್ಷೆ ನಡೆಯಬೇಕು ಅಂತ ಅರ್ಥ. ಅಧ್ಯಯನ ಮಾಡಿದವರೇ ಸನ್‌ಸ್ಕ್ರೀನ್ ಬಿಡಬೇಡಿ ಎಂದರು.

2019ರಲ್ಲಿ ಎಫ್‌ಡಿಎ ಮುಂದಿಟ್ಟ ಪ್ರಸ್ತಾವದಲ್ಲಿ ಸುರಕ್ಷಿತ ಮತ್ತು ಪರಿಣಾಮಕಾರಿ ಎಂದು ಒಪ್ಪಿದ್ದು ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಎರಡನ್ನೇ. ಉಳಿದವುಗಳಲ್ಲಿ 12ಕ್ಕೆ ಹೆಚ್ಚಿನ ಮಾಹಿತಿ ಕೇಳಿತು. ಮನಸ್ಸಿಗೆ ಕಸಿವಿಸಿ ಅನ್ನಿಸಿದರೆ, ಗರ್ಭಿಣಿಯಾಗಿದ್ದರೆ, ಮಿನರಲ್ ಆರಿಸಿಕೊಳ್ಳಿ. ಬಿಸಿಲಿಗೆ ಬರಿ ಚರ್ಮ ಒಡ್ಡುವುದು ಮಾತ್ರ ಪರಿಹಾರ ಅಲ್ಲವೇ ಅಲ್ಲ. ಯುವಿ ಕಿರಣ ಕ್ಯಾನ್ಸರ್‌ ತರುತ್ತದೆ ಎಂಬುದರಲ್ಲಿ ಯಾವ ಅನುಮಾನವೂ ಉಳಿದಿಲ್ಲ.

ಹವಳದ ದಿಬ್ಬಗಳಿಗೆ ಹಾನಿ ಮಾಡುತ್ತದೆಯೇ?

ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಹವಳಕ್ಕೆ ಕೆಡುಕು ಎಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಅಮೆರಿಕದ ಹವಾಯಿ ರಾಜ್ಯ 2021ರ ಜನವರಿಯಿಂದ ಇವೆರಡರಲ್ಲಿ ಯಾವುದೇ ಒಂದು ಇರುವ ಸನ್‌ಸ್ಕ್ರೀನ್ ಅನ್ನು ವೈದ್ಯರ ಚೀಟಿ ಇಲ್ಲದೆ ಮಾರುವುದನ್ನು ನಿಲ್ಲಿಸಿತು. "ರೀಫ್ ಸೇಫ್" (ಹವಳಕ್ಕೆ ಸುರಕ್ಷಿತ) ಎಂಬ ಪದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ, ಪಟ್ಟಿಯನ್ನೇ ಓದಿ. ಸಮುದ್ರಕ್ಕೆ ಇಳಿಯುವಾಗ ತೋಳು ಮುಚ್ಚುವ ಈಜುಡುಗೆ ಹಾಕಿದರೆ ಹಚ್ಚಬೇಕಾದ ಜಾಗವೇ ಅರ್ಧಕ್ಕಿಳಿಯುತ್ತದೆ.

ಸನ್‌ಸ್ಕ್ರೀನ್ ನಿಜವಾಗಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಆಧಾರ ಏನು?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ನಂಬೂರ್ ಎಂಬ ಊರಿನಲ್ಲಿ 1992ರಲ್ಲಿ ಶುರುವಾದ ಪ್ರಯೋಗ ಎಲ್ಲಕ್ಕಿಂತ ಗಟ್ಟಿ. 1,621 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪು ದಿನವೂ ತಲೆ, ಕುತ್ತಿಗೆ, ತೋಳು, ಕೈಗಳಿಗೆ ಸನ್‌ಸ್ಕ್ರೀನ್ ಹಚ್ಚಬೇಕು. ಇನ್ನೊಂದು ಗುಂಪು ತನ್ನ ಇಷ್ಟದಂತೆ. ನಾಲ್ಕೂವರೆ ವರ್ಷ ಹೀಗೆ ನಡೆಯಿತು. ದಿನವೂ ಹಚ್ಚಿದವರಲ್ಲಿ ಸ್ಕ್ವಾಮಸ್ ಸೆಲ್ ಎಂಬ ಬಗೆಯ ಕ್ಯಾನ್ಸರ್ ಗಡ್ಡೆಗಳು ಸುಮಾರು 40% ಕಡಿಮೆಯಾದವು. ಬೇಸಲ್ ಸೆಲ್ ಬಗೆಯಲ್ಲಿ ಅಂಥ ಇಳಿತ ಕಾಣಲಿಲ್ಲ. ಆಮೇಲೆ ವರ್ಷಗಟ್ಟಲೆ ಹಿಂಬಾಲಿಸಿ 2011ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಮೆಲನೋಮಾ ಎಂಬ ಅಪಾಯಕಾರಿ ಚರ್ಮದ ಕ್ಯಾನ್ಸರ್ ಸುಮಾರು ಅರ್ಧಕ್ಕಿಳಿದಿತ್ತು. 2013ರ ವರದಿಯಲ್ಲಿ ಚರ್ಮ ಮುಪ್ಪಾಗುವುದು 24% ಕಡಿಮೆ ಎಂದು ಬಂತು.

ನನಗೆ ಇದರಲ್ಲಿ ತುಂಬಾ ಹಿಡಿಸುವ ಸಂಗತಿ ಬೇರೆ. ಅವರು ಬಳಸಿದ ಸನ್‌ಸ್ಕ್ರೀನ್‌ನ ಎಸ್‌ಪಿಎಫ್ ಬರೀ 16. ಒಳಗಿದ್ದದ್ದು 8% ಆಕ್ಟಿನಾಕ್ಸೇಟ್, 2% ಅವೊಬೆಂಜೋನ್. ಮೇಲೆ ನಾನು ಅನುಮಾನದಿಂದ ನೋಡಿ ಎಂದ ಅದೇ ಹಳೆಯ ಜೋಡಿ! ಇವತ್ತು ಅಂಗಡಿಯಲ್ಲಿ ಸಿಗುವ ಸಾಧಾರಣ ಟ್ಯೂಬು ಕೂಡ ಕಾಗದದ ಮೇಲೆ ಅದಕ್ಕಿಂತ ಮೇಲು. ಫಲ ಕೊಟ್ಟದ್ದು ದಿನವೂ ತಪ್ಪದೆ ಹಚ್ಚಿದ್ದು. ಬಡ ಫಿಲ್ಟರ್ ಅಂತ ಹೆದರಿ ಹಚ್ಚುವುದನ್ನೇ ಬಿಡುವವರಿಗೆ ನಾನು ಯಾವಾಗಲೂ ಈ ಪ್ರಯೋಗವನ್ನು ಹೇಳುತ್ತೇನೆ.

ಲೇಬಲ್ ಅಂಕಿಯನ್ನು ಎಷ್ಟು ನಂಬಬಹುದು?

ಎಸ್‌ಪಿಎಫ್ ಪರೀಕ್ಷೆ ಮನುಷ್ಯರ ಬೆನ್ನಿನ ಮೇಲೆ ನಡೆಯುತ್ತದೆ. ಕನಿಷ್ಠ ಹತ್ತು ಜನರ ಬೆನ್ನಿನ ಮೇಲೆ ಸನ್‌ಸ್ಕ್ರೀನ್ ಹಚ್ಚಿ, ಅಳತೆ ಮಾಡಿದ ಕೃತಕ ಬಿಸಿಲು ಬಿಟ್ಟು, ಮರುದಿನ ಎಲ್ಲಿ ಕೆಂಪಾಗಿದೆ ಅಂತ ಕಣ್ಣಿನಲ್ಲಿ ನೋಡಿ ಗುರುತು ಹಾಕುತ್ತಾರೆ. ಹಚ್ಚುವ ಕೈ ಬೇರೆ, ನೋಡುವ ಕಣ್ಣು ಬೇರೆ, ಚರ್ಮ ಬೇರೆ. ಹಾಗಾಗಿ ಒಂದು ಲ್ಯಾಬಿನಲ್ಲಿ 52 ಬಂದದ್ದು ಇನ್ನೊಂದರಲ್ಲಿ 43 ಬರಬಹುದು. ಅಷ್ಟಕ್ಕೆ ಮೋಸ ಅನ್ನಲಾಗದು. 50 ಎಂದು ಬರೆದದ್ದು 15 ಬಂದರೆ ಅದು ಬೇರೆ ಮಾತು.

ಕೊಳ್ಳುವವರು ಮಾಡಬಹುದಾದದ್ದು ಇಷ್ಟು. ಸ್ವತಂತ್ರ ಗ್ರಾಹಕ ಸಂಸ್ಥೆ ಪರೀಕ್ಷಿಸಿದ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಯಾವ ಲ್ಯಾಬಿನಲ್ಲಿ, ಯಾವ ಪದ್ಧತಿಯಲ್ಲಿ ಪರೀಕ್ಷೆ ಆಯಿತೆಂದು ಕಂಪನಿ ಹೇಳಿದರೆ ಒಳ್ಳೆಯ ಲಕ್ಷಣ. ಐಎಸ್‌ಒ 24444 ಅನ್ನುವುದು ಮನುಷ್ಯರ ಮೇಲೆ ಎಸ್‌ಪಿಎಫ್ ಅಳೆಯುವ ಅಂತರರಾಷ್ಟ್ರೀಯ ಪದ್ಧತಿ.

ಯುವಿ ಕ್ಯಾಮೆರಾ ವಿಡಿಯೋ ನೋಡಿ ಆರಿಸಬಹುದಾ?

ಬೇಡ. ಮುಖ ಕಪ್ಪಗೆ ಕಂಡಷ್ಟೂ ಸನ್‌ಸ್ಕ್ರೀನ್ ಒಳ್ಳೆಯದು ಅಂತ ಆ ವಿಡಿಯೋಗಳಲ್ಲಿ ತೋರಿಸುತ್ತಾರೆ. ಆ ಕ್ಯಾಮೆರಾಗಳು ಸಾಮಾನ್ಯವಾಗಿ ನೋಡುವುದು ಯುವಿಎಯ ಒಂದು ಸಣ್ಣ ತುಂಡನ್ನು. ಜಿಂಕ್ ಇರುವವು ಒಳ್ಳೆಯ ರಕ್ಷಣೆ ಕೊಡುತ್ತಿದ್ದರೂ ಅದರಲ್ಲಿ ತಿಳಿಯಾಗಿ ಕಾಣಬಹುದು. ಎಲ್ಲಿ ಹಚ್ಚಲು ಮರೆತಿರಿ ಅಂತ ಕಂಡುಕೊಳ್ಳಲು ಮಾತ್ರ ಅದು ಚೆನ್ನ. ಕಿವಿ, ಕಣ್ಣಿನ ರೆಪ್ಪೆ, ಕೂದಲಿನ ಅಂಚು ಸಾಮಾನ್ಯವಾಗಿ ಬಿಟ್ಟುಹೋಗುತ್ತವೆ.

ವಾಟರ್‌ಪ್ರೂಫ್ ಸನ್‌ಸ್ಕ್ರೀನ್ ಇದೆಯಾ?

ನೀರಿಗೆ ಪೂರ್ತಿ ಜಗ್ಗದ ಸನ್‌ಸ್ಕ್ರೀನ್ ಇಲ್ಲ. ಅಮೆರಿಕದಲ್ಲಿ 2011ರ ನಿಯಮದ ಪ್ರಕಾರ ಆ ಪದ ಬಳಸುವಂತೆಯೇ ಇಲ್ಲ. ವಾಟರ್ ರೆಸಿಸ್ಟೆಂಟ್ ಎಂದು ಬರೆದು ಪಕ್ಕದಲ್ಲಿ 40 ನಿಮಿಷ ಅಥವಾ 80 ನಿಮಿಷ ಎಂದು ಹೇಳಬೇಕು. ಈಜುವವರು, ಹೊರಗೆ ಬೆವರು ಸುರಿಸಿ ದುಡಿಯುವವರು 80 ನಿಮಿಷದ್ದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ಸಾರ್ಥಕ. ದಿನವಿಡೀ ಒಳಗೇ ಕೂರುವವರಿಗೆ ಅದು ಅನಗತ್ಯ, ತೊಳೆಯುವುದೂ ಕಷ್ಟ. ಟವೆಲಿನಲ್ಲಿ ಒರೆಸಿಕೊಂಡರೆ ಯಾವುದಾದರೂ ಮತ್ತೆ ಹಚ್ಚಲೇಬೇಕು.

ಸ್ಪ್ರೇ, ಸ್ಟಿಕ್, ಪೌಡರ್, ಎಸ್‌ಪಿಎಫ್ ಇರುವ ಕ್ರೀಮ್: ಇವು ಸಾಕಾ?

ಲೋಷನ್ನೇ ಎಲ್ಲಕ್ಕಿಂತ ಭರವಸೆಯದ್ದು, ಹಚ್ಚಿದ್ದು ಎಷ್ಟು ಅಂತ ಕಣ್ಣಿಗೆ ಕಾಣುತ್ತದೆ. ಸ್ಪ್ರೇಯಲ್ಲಿ ಅರ್ಧ ಗಾಳಿಗೆ ಹೋಗುತ್ತದೆ, ಉಸಿರಿನೊಳಗೂ ಹೋಗುತ್ತದೆ. ಹೀಗೆ ಪೋಲಾಗುವುದನ್ನು ಸೇರಿಸಿದರೆ ಅದರ ಬೆಲೆ ಕಾಣುವುದಕ್ಕಿಂತ ಜಾಸ್ತಿಯೇ. ಬಳಸಲೇಬೇಕಿದ್ದರೆ ಅಂಗೈಗೆ ಹೊಡೆದುಕೊಂಡು ಮುಖಕ್ಕೆ ಹಚ್ಚಿ. ಸ್ಟಿಕ್ ಮೂಗು, ಕಿವಿ, ಕಣ್ಣಿನ ಸುತ್ತ ಚೆನ್ನ; ಒಂದೇ ಜಾಗದಲ್ಲಿ ನಾಲ್ಕು ಸಲವಾದರೂ ಎಳೆಯಬೇಕು. ಪೌಡರ್ ಮತ್ತು ಮೇಕಪ್‌ನಲ್ಲಿ ಲೇಬಲ್ ಹೇಳುವ ರಕ್ಷಣೆ ಸಿಗುವಷ್ಟು ಯಾರೂ ಬಳಿಯುವುದಿಲ್ಲ. ಅವು ಸನ್‌ಸ್ಕ್ರೀನ್ ಮೇಲೆ ಇರಲಿ, ಅದರ ಬದಲಿಗೆ ಬೇಡ.

ನನ್ನದು ಕಪ್ಪು ಚರ್ಮ. ಸನ್‌ಸ್ಕ್ರೀನ್ ಬೇಕಾ? ಬಿಳಿ ಬಿಳಿ ಕಾಣದ್ದು ಯಾವುದು?

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಜಾಸ್ತಿ ಇದ್ದರೆ ಸಹಜ ರಕ್ಷಣೆ ಇರುತ್ತದೆ, ಚರ್ಮದ ಕ್ಯಾನ್ಸರ್ ಬರುವ ಸಾಧ್ಯತೆಯೂ ತುಂಬಾ ಕಡಿಮೆ. ಆದರೆ ಬಂಗು, ಮೊಡವೆ ಹೋದ ಮೇಲೆ ಉಳಿಯುವ ಕಲೆ, ಅಲ್ಲಲ್ಲಿ ಬಣ್ಣ ಬದಲಾಗುವುದು ಕಂದು ಮತ್ತು ಕಪ್ಪು ಚರ್ಮಕ್ಕೇ ಜಾಸ್ತಿ ಕಾಟ ಕೊಡುತ್ತವೆ. ಇದರಲ್ಲಿ ಯುವಿಯ ಜೊತೆ ಕಣ್ಣಿಗೆ ಕಾಣುವ ಬೆಳಕಿನ ಪಾತ್ರವೂ ಇದೆ. ಸಾಮಾನ್ಯ ಸನ್‌ಸ್ಕ್ರೀನ್ ಆ ಬೆಳಕನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣ ಬೆರೆಸಿದ ಟಿಂಟೆಡ್ ಸನ್‌ಸ್ಕ್ರೀನ್ ತಡೆಯುತ್ತದೆ. ಬಿಳಿ ಪದರದ ಸಮಸ್ಯೆಯೂ ಅದರಲ್ಲಿ ಕಡಿಮೆ. ಬಂಗು ಇರುವವರು ದುಡ್ಡು ಜಾಸ್ತಿ ಹಾಕುವುದಾದರೆ ಇಲ್ಲಿ ಹಾಕಲಿ.

ಕೊಳ್ಳುವ ಮೊದಲು ದವಡೆಯ ಪಕ್ಕ ಹಚ್ಚಿ, ಹತ್ತು ನಿಮಿಷ ಬಿಟ್ಟು, ಹಗಲಿನ ಬೆಳಕಿಗೆ ಬಂದು ನೋಡಿ. ಅಂಗಡಿಯ ದೀಪದ ಕೆಳಗೆ ಎಲ್ಲವೂ ಹೊಂದಿದಂತೆಯೇ ಕಾಣುತ್ತದೆ.

ಮೋಡ ಇದ್ದಾಗ, ಮನೆಯೊಳಗೆ ಇದ್ದಾಗ?

ತೆಳು ಮೋಡ ಯುವಿಯ ಬಹುಪಾಲನ್ನು ಒಳಬಿಡುತ್ತದೆ. ಸೆಕೆ ನೋಡಿ ಅಳೆಯಬೇಡಿ, ಹವಾಮಾನ ಆ್ಯಪ್‌ನಲ್ಲಿ ಯುವಿ ಸೂಚ್ಯಂಕ ನೋಡಿ. 3 ಅಥವಾ ಮೇಲಿದ್ದರೆ ರಕ್ಷಣೆ ಬೇಕು. ಬೆಟ್ಟದ ಮೇಲೆ ಪ್ರತಿ 1,000 ಮೀಟರಿಗೆ ಯುವಿ ಸುಮಾರು 10% ಏರುತ್ತದೆ, ಹೊಸ ಹಿಮ 80%ವರೆಗೂ ವಾಪಸ್ ಚೆಲ್ಲುತ್ತದೆ. ಮನೆಯೊಳಗೆ ಕಿಟಕಿಯಿಂದ ದೂರ ಕೂತಿದ್ದರೆ ಎರಡು ಗಂಟೆಗೊಮ್ಮೆ ಹಚ್ಚಿ ಟ್ಯೂಬು ಖಾಲಿ ಮಾಡಬೇಡಿ. ಬಿಸಿಲು ಬೀಳುವ ಕಿಟಕಿಯ ಪಕ್ಕವೇ ದಿನವಿಡೀ ಕೆಲಸ ಇದ್ದರೆ ಹಚ್ಚಿ.

ವಿಟಮಿನ್ ಡಿ ಕಡಿಮೆಯಾಗುವುದಿಲ್ಲವಾ?

ಸಾಮಾನ್ಯವಾಗಿ ಜನ ಬಳಸುವ ರೀತಿಯಲ್ಲಿ ಹಚ್ಚಿದರೆ ಕೊರತೆ ಆಗುವುದು ಅಪರೂಪ. ಅನುಮಾನ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಇದೆ.

ಮಕ್ಕಳಿಗೆ ಯಾವುದು?

ಆರು ತಿಂಗಳೊಳಗಿನ ಕೂಸಿಗೆ ನೆರಳು, ಟೋಪಿ, ಹತ್ತಿಯ ಪೂರ್ತಿ ತೋಳಿನ ಬಟ್ಟೆ ಸಾಕು, ಸನ್‌ಸ್ಕ್ರೀನ್ ಬೇಡ. ಅದಕ್ಕಿಂತ ದೊಡ್ಡವರಿಗೆ ಪರಿಮಳ ಇಲ್ಲದ ಮಿನರಲ್ ಒಳ್ಳೆಯದು. ಡಬ್ಬಿಯ ಮೇಲೆ ಮಗುವಿನ ಚಿತ್ರ ಇದ್ದ ಮಾತ್ರಕ್ಕೆ ಒಳಗಿರುವುದು ಬೇರೆ ಅಂದುಕೊಳ್ಳಬೇಡಿ. ಹಿಂದಿನ ಪಟ್ಟಿಯನ್ನು ದೊಡ್ಡವರ ಡಬ್ಬಿಯ ಪಕ್ಕ ಇಟ್ಟು ಓದಿ. ಎಷ್ಟೋ ಸಲ ಫಿಲ್ಟರ್‌ಗಳು ಅವೇ, ಬೆಲೆ ಮಾತ್ರ ಬೇರೆ.

ಮೊಡವೆ ಬರುತ್ತದೆ, ಕಣ್ಣು ಉರಿಯುತ್ತದೆ. ಏನು ಮಾಡಲಿ?

ನಾನ್‌ಕಾಮಿಡೋಜೆನಿಕ್ (ಚರ್ಮದ ರಂಧ್ರ ಮುಚ್ಚದ್ದು) ಎಂಬ ಪದಕ್ಕೆ ಕಟ್ಟುನಿಟ್ಟಾದ ಪರೀಕ್ಷೆಯ ಒತ್ತಾಯ ಇಲ್ಲ, ಅದನ್ನೇ ನಂಬಿ ಕೂರಬೇಡಿ. ಎಣ್ಣೆ ಚರ್ಮಕ್ಕೆ ಜೆಲ್ ಅಥವಾ ತೆಳು ಲೋಷನ್ ನೋಡಿ, ಸಣ್ಣ ಟ್ಯೂಬು ತಂದು ಎರಡು ವಾರ ಬಳಸಿ. ರಾತ್ರಿ ಮುಖವನ್ನು ಸರಿಯಾಗಿ ತೊಳೆಯುವುದರಿಂದಲೇ ಅರ್ಧ ತೊಂದರೆ ತಪ್ಪುತ್ತದೆ. ಕಣ್ಣು ಉರಿಯುವವರು ಹುಬ್ಬಿನಿಂದ ಕೆಳಗೆ ಕಣ್ಣಿನ ಸುತ್ತ ಮಿನರಲ್ ಸ್ಟಿಕ್ ಹಚ್ಚಿ, ಉಳಿದ ಕಡೆ ನಿಮ್ಮದೇ ಹಳೆಯ ಲೋಷನ್ ಹಚ್ಚಿ. ನೋವಿಗೆ ಕೀಟೊಪ್ರೊಫೆನ್ ಜೆಲ್ ಬಳಸುವವರಿಗೆ ಆಕ್ಟೋಕ್ರೈಲೀನ್‌ನಿಂದ ಬಿಸಿಲಿನ ಅಲರ್ಜಿ ಬರುವುದುಂಟು. ಹಾಗೆ ದದ್ದು ಎದ್ದರೆ ಚರ್ಮದ ಡಾಕ್ಟರಿಗೆ ಎರಡೂ ಟ್ಯೂಬು ತೋರಿಸಿ.

ಹೋದ ವರ್ಷದ ಟ್ಯೂಬು ಬಳಸಬಹುದಾ?

ಎಕ್ಸ್‌ಪೈರಿ ಆಗಿಲ್ಲದಿದ್ದರೆ, ತೆರೆದ ಮೇಲೆ ಬಳಸಬೇಕಾದ ತಿಂಗಳು ಮೀರಿಲ್ಲದಿದ್ದರೆ ಬಳಸಬಹುದು. ಮುಚ್ಚಳ ತೆರೆದ ಡಬ್ಬಿಯ ಚಿತ್ರದಲ್ಲಿ 6ಎಂ, 12ಎಂ ಎಂದಿರುವುದು ಆ ತಿಂಗಳುಗಳೇ. ಕಾರಿನಲ್ಲಿ ಕಾದು ಬೆಂದದ್ದು, ನೀರು ಬೇರೆ ಎಣ್ಣೆ ಬೇರೆ ಆದದ್ದು, ಗಂಟುಗಂಟಾದದ್ದು ಇದ್ದರೆ ದಿನಾಂಕ ನೋಡದೆ ಎಸೆಯಿರಿ. ದೊಡ್ಡ ಬಾಟಲಿ ಅಗ್ಗ ಅಂತ ಕೊಳ್ಳುವ ಮೊದಲು ಈ ತಿಂಗಳೊಳಗೆ ಮುಗಿಯುತ್ತದಾ ಅಂತಲೂ ಯೋಚಿಸಿ. ಮೇಲೆ ಹೇಳಿದ ಪ್ರಮಾಣದಲ್ಲಿ ಹಚ್ಚಿದರೆ ಖಂಡಿತ ಮುಗಿಯುತ್ತದೆ.

ಸೊಳ್ಳೆ ಕ್ರೀಮ್ ಜೊತೆಗೆ ಹಚ್ಚುವಾಗ ಯಾವುದು ಮೊದಲು?

ಸನ್‌ಸ್ಕ್ರೀನ್ ಮೊದಲು, ಒಣಗಿದ ಮೇಲೆ ಸೊಳ್ಳೆ ಕ್ರೀಮ್. ಎರಡೂ ಒಂದರಲ್ಲೇ ಇರುವುದು ಬೇಡ. ಸನ್‌ಸ್ಕ್ರೀನ್ ಪದೇ ಪದೇ ಹಚ್ಚಬೇಕು, ಸೊಳ್ಳೆ ಕ್ರೀಮನ್ನು ಹಾಗೆ ಹಚ್ಚಬಾರದು.

ಬಿಳಿ ಅಂಗಿಯ ಕಾಲರಿಗೆ ತುಕ್ಕಿನಂಥ ಕಲೆ ಬೀಳುತ್ತಿದೆ. ಸನ್‌ಸ್ಕ್ರೀನ್‌ನಿಂದಲೇ?

ಹೆಚ್ಚಾಗಿ ಹೌದು, ಅದರಲ್ಲೂ ಅವೊಬೆಂಜೋನ್‌ನಿಂದ. ಹಚ್ಚಿದಾಗ ಕಾಣುವುದಿಲ್ಲ. ಒಗೆಯುವ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಅದರ ಜೊತೆ ಸೇರಿ ಒಗೆದ ಮೇಲೆ ಕಿತ್ತಳೆ ಬಣ್ಣ ಎದ್ದು ಕಾಣುತ್ತದೆ. ಕ್ಲೋರಿನ್ ಬ್ಲೀಚ್ ಹಾಕಿದರೆ ಇನ್ನೂ ಗಟ್ಟಿಯಾಗುತ್ತದೆ, ಹಾಕಬೇಡಿ. ಒಗೆಯುವ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಸವರಿ ಎಣ್ಣೆ ಅಂಶ ಬಿಡಿಸಿ. ಕಲೆ ಬಿದ್ದೇಬಿಟ್ಟಿದ್ದರೆ ತುಕ್ಕಿನ ಕಲೆ ತೆಗೆಯುವ ದ್ರಾವಣವನ್ನು ಒಂದು ಮೂಲೆಯಲ್ಲಿ ಹಾಕಿ ನೋಡಿ ಬಳಸಿ. ಹಚ್ಚಿದ ಮೇಲೆ ಹದಿನೈದು ನಿಮಿಷ ಒಣಗಲು ಬಿಟ್ಟು ಆಮೇಲೆ ಅಂಗಿ ತೊಟ್ಟರೆ ಕಾಲರಿಗೆ ಹತ್ತುವುದು ಕಡಿಮೆಯಾಗುತ್ತದೆ. ಅಷ್ಟಾದರೂ ನಿಲ್ಲದಿದ್ದರೆ ಮುಂದಿನ ಟ್ಯೂಬು ಕೊಳ್ಳುವಾಗ ಯುವಿಎಗೆ ಯುವಿನಲ್ ಎ ಪ್ಲಸ್ ಅಥವಾ ಜಿಂಕ್ ಇರುವುದನ್ನು ನೋಡಿ.